ಬಾಗಿಲ ಬಳಿಯ ಮೊಳೆ

ಮೊದಲ ಆರು ತಿಂಗಳು ಮಾಯಾಗೆ ರೊಟ್ಟಿ ಬಡಿಯಲು ಬರಲಿಲ್ಲ. ಹಿಟ್ಟು ಅಂಗೈಯಗಲ ಆಗುವಷ್ಟರಲ್ಲಿ ಅಂಚು ಸೀಳುತ್ತಿತ್ತು. ಸೀಳಿದಲ್ಲಿ ನೀರು ಹಚ್ಚಿ ಒತ್ತುತ್ತಿದ್ದಳು. ಎತ್ತಿ ಹಂಚಿಗೆ ಹಾಕುವಾಗ ಅರ್ಧ ಅವಳ ಕೈಯಲ್ಲೇ ಉಳಿಯುತ್ತಿತ್ತು.

"ಇದನ್ನ ನಾಯೀನೂ ಮೂಸೂದಿಲ್ಲ," ಎನ್ನುತ್ತಿದ್ದರು ಅತ್ತೆ ಶಿವಲಿಂಗವ್ವ.

"ನಮ್ಮ ಮನ್ಯಾಗ ನಾಯಿ ಎಲ್ಲೈತಿ ಅತ್ತಿ?" ಎಂದು ಮಾಯಾ ಕೇಳುತ್ತಿದ್ದಳು. ತಮಾಷೆಗಲ್ಲ. ಅವಳಿಗೆ ಕನ್ನಡದ ಬೈಗುಳ ಬರುತ್ತಿದ್ದವು, ಗಾದೆಯಂಥ ಮಾತು ಬರುತ್ತಿರಲಿಲ್ಲ.

ಮಾಯಾ ನೇಪಾಳದವಳು. ಅವಳ ಅಪ್ಪ ಲೋಂಡಾದ ಒಂದು ಕಟ್ಟಿಗೆ ಅಡ್ಡೆಯಲ್ಲಿ ವಾಚಮನ್. ಹದಿನೈದನೇ ವಯಸ್ಸಿಗೆ ಅಪ್ಪ ಅವ್ವನ ಜೊತೆ ಅಲ್ಲಿಗೆ ಬಂದವಳು, ಹತ್ತೊಂಬತ್ತಕ್ಕೆ ಒಬ್ಬಳೇ ಬೆಳಗಾವಿಗೆ ಬಂದು ಟಿಳಕವಾಡಿಯ ಲೇಡೀಸ್ ಹಾಸ್ಟೆಲ್ಲೊಂದರ ಮೆಸ್ಸಿನಲ್ಲಿ ಕೆಲಸಕ್ಕೆ ಸೇರಿದಳು. ಮೊದಲ ತಿಂಗಳು ರೈಲ್ವೆ ಗೇಟಿನ ಆಚೆ ಹೋಗಲಿಲ್ಲವಂತೆ. ಊರಿನಲ್ಲಿ ಎಲ್ಲಿ ದಾರಿ ತಪ್ಪಿದರೂ ಹಳಿ ಸಿಕ್ಕರೆ ಸಾಕು, ಹಳಿ ಹಿಡಿದು ನಡೆದರೆ ಅವ್ವ ಸಿಗುತ್ತಾಳೆ ಎಂದುಕೊಂಡಿದ್ದಳಂತೆ. ಮರಾಠಿಯನ್ನು ಕಾಯಿಪಲ್ಯೆ ಮಾರುವವರಿಂದ ಕಲಿತಳು, ಕನ್ನಡವನ್ನು ಹಾಸ್ಟೆಲ್ಲಿನ ಹುಡುಗಿಯರಿಂದ. ಆ ಮೆಸ್ಸಿಗೆ ನಸುಕಿನಲ್ಲಿ ಕಾಯಿಪಲ್ಯೆ ಇಳಿಸುವ ಸಣ್ಣ ಗಾಡಿ ನನ್ನ ಮೈದುನ ಚೇತನನದು.

ನಮ್ಮದು ಜಂಗಮರ ಮನೆ. ಮಾವ ಬಸಯ್ಯನವರು ಅನಗೋಳದ ನಮ್ಮ ಓಣಿಯ ಕೂಸುಗಳಿಗೆ ಲಿಂಗ ಕಟ್ಟುವವರು. ಮನೆಯೊಕ್ಕಲು, ಸತ್ತವರ ಕ್ರಿಯೆ, ಎಲ್ಲಕ್ಕೂ ಅವರನ್ನೇ ಕರೆಯುತ್ತಿದ್ದರು. ಇಬ್ಬರು ಗಂಡುಮಕ್ಕಳು. ದೊಡ್ಡವ ಗೌರೀಶ ನನ್ನ ಗಂಡ. ಮೂರು ವರ್ಷದ ಹಿಂದೆ ಖಾನಾಪುರ ರಸ್ತೆಯಲ್ಲಿ, ದೇಸೂರ ದಾಟಿದ ಮೇಲೆ, ಅವನ ಬೈಕು ಲಾರಿಗೆ ಬಡಿಯಿತು. ನನಗೆ ಆರು ವರ್ಷದ ಮಗಳು ಸಾಕ್ಷಿ ಇದ್ದಾಳೆ. ಇತಿಹಾಸದಲ್ಲಿ ಎಂ.ಎ. ಇದೆ. ಖಾನಾಪುರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅವನು ಸತ್ತ ಜಾಗವನ್ನು ದಿನಕ್ಕೆ ಎರಡು ಸಲ ಬಸ್ಸಿನಲ್ಲಿ ದಾಟುತ್ತೇನೆ.

ಚೇತನನಿಗೆ ಮೂವತ್ತಾರು ತುಂಬಿತ್ತು. ಹನ್ನೊಂದು ಕಡೆ ಹೆಣ್ಣು ನೋಡಿದ್ದರು. ಗಾಡಿ ಹೊಡೆಯುವವನಿಗೆ ಯಾರೂ ಕೊಡಲಿಲ್ಲ. ಹನ್ನೆರಡನೆಯದನ್ನು ಅವನೇ ತಂದ. ಅತ್ತೆ ಎರಡು ದಿನ ಉಣ್ಣಲಿಲ್ಲ. ಮೂರನೇ ದಿನ ಉಂಡರು. ಮಾವ ಮಾಯಾಳನ್ನು ಕೂರಿಸಿ ತಾವೇ ಲಿಂಗ ಕಟ್ಟಿದರು.

"ಇನ್ನ ಮ್ಯಾಲೆ ನೀ ಈ ಮನಿಯಾಕಿ. ಇದು ಮೈ ಬಿಟ್ಟು ಹೋಗಬಾರದು."

"ಜಳಕಾ ಮಾಡುವಾಗ?"

"ಆಗೂ ಇರಬೇಕು."

"ಮಲಗುವಾಗ?"

"ಆಗೂ."

"ಉಣ್ಣುವಾಗ?"

"ಉಣ್ಣುವಾಗ ಎದಕ್ಕ ತಗೀತಿಯವ್ವಾ?" ಎಂದು ಅತ್ತೆ ಅವತ್ತು ನಕ್ಕರು. ಮಾಯಾಳ ಮುಂದೆ ಅವರು ನಕ್ಕದ್ದು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಅವಳನ್ನು ಮಾಯವ್ವ ಎಂದು ಕರೆದರು. ಹಾಸ್ಟೆಲ್ಲಿನಲ್ಲಿ ಅವಳು 'ಏ ನೇಪಾಳಿ', ಲೋಂಡಾದಲ್ಲಿ 'ಗೂರ್ಖಾನ ಮಗಳು'. "ಮಾಯವ್ವ ಚಲೋ ಐತಿ ಅಕ್ಕಾ," ಎಂದು ನನಗೆ ಹೇಳಿದಳು. "ಅದರಾಗ ನನ್ನ ಹೆಸರರ ಐತಿ."

ಜಗಳ ಶುರುವಾದದ್ದು ಮೂಲಂಗಿ ಸೊಪ್ಪಿನಿಂದ.

ಮಾಯಾಗೆ ಐದು ತಿಂಗಳು ನಡೆಯುತ್ತಿತ್ತು. ಉಂಡದ್ದು ನಿಲ್ಲುತ್ತಿರಲಿಲ್ಲ. ಚೇತನ ಪೇಟೆಯಲ್ಲಿ ಉಳಿದ ಮೂಲಂಗಿ ಸೊಪ್ಪನ್ನು ಒಂದು ಹೊರೆ ತಂದು ಹಾಕಿದ. ಅವಳು ಅದನ್ನು ಮಾಳಿಗೆಯ ಮೇಲೆ ಬಾಡಿಸಿ, ಒರಳಲ್ಲಿ ಜಜ್ಜಿ, ಉಪ್ಪಿನಕಾಯಿ ಭರಣಿಗೆ ಒತ್ತಿ ತುಂಬಿ ಬಿಸಿಲಿಗಿಟ್ಟಳು. ಅವರ ಕಡೆ ಅದಕ್ಕೆ ಗುಂದ್ರುಕ್ ಎನ್ನುತ್ತಾರೆ. ವಾರ ಹುಳಿ ಬರಿಸಿ, ಆಮೇಲೆ ಒಣಗಿಸಿ, ಚಳಿಗಾಲವಿಡೀ ಸಾರು ಮಾಡುತ್ತಾರೆ. ಎಂಟನೇ ದಿನ ಅವಳು ಮುಚ್ಚಳ ತೆಗೆದಳು. ಕೆಳಗೆ ಅತ್ತೆ ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು.

"ಮೀನಾ ತಂದಾಳ!"

"ಮೀನ ಅಲ್ಲ ಅತ್ತಿ. ಸೊಪ್ಪು. ನಿಮ್ಮ ಮಗಾನೇ ತಂದಿದ್ದು."

"ಸೊಪ್ಪು ಹಿಂಗ ನಾರತೈತೇನು? ನನಗ ಮೂಗಿಲ್ಲ ಅಂತ ತಿಳದೀಯೇನು?"

ಮಾವ ಮಾಳಿಗೆ ಹತ್ತಿ ಬಂದು ಭರಣಿಯೊಳಗೆ ಇಣುಕಿದರು. "ಸೊಪ್ಪ ಐತಲ್ಲ ಇದು," ಎಂದರು.

"ಐತಿ ಅಂತ ನೀವ ಓಣಿಯೊಳಗ ಮನಿ ಮನಿಗೆ ಹೋಗಿ ಹೇಳಿ ಬರ್ರಿ. ಜಂಗಮರ ಮನ್ಯಾಗ ಮೀನಿನ ವಾಸನಿ ಬಂತಂದ್ರ ಯಾರ ಕರೀತಾರ ನಿಮ್ಮನ್ನ?"

ಮಾವ ಇಳಿದು ಹೋದರು. ಅತ್ತೆ ಭರಣಿಯನ್ನು ಗಟಾರಕ್ಕೆ ಬಗ್ಗಿಸಿದರು. ಬಗ್ಗಿಸುತ್ತಲೇ ಹೇಳಿದರು: "ಕೊಳ್ಳಾಗ ಲಿಂಗಾ ಕಟ್ಟಕೊಂಡು ಇಂಥಾದ್ದ ತಿಂತೀಯೇನವಾ? ನಾಚಿಗಿ ಬರೂದಿಲ್ಲ?"

ಮಧ್ಯಾಹ್ನ ಊಟಕ್ಕೆ ಕುಳಿತಾಗ ಮಾಯಾ ಗಂಡನ ಮುಖ ನೋಡಿದಳು. ಚೇತನ ರೊಟ್ಟಿ ಮುರಿಯುತ್ತ, "ಬ್ಯಾರೆ ಏನರ ತಿನ್ನಲ್ಲ. ಭಡಂಗ ಚುರಮುರಿ ತರಲೇನು?" ಎಂದ.

"ನಾ ಭಡಂಗ ಕೇಳಿದ್ನೇನು?"

"ಮತ್ತೇನ ಅವ್ವನ ಜೋಡಿ ಜಗಳಾಡಲಿ? ಈಗ ಉಣಲಿಕ್ಕೆ ಬಿಡತೀಯೋ ಇಲ್ಲೋ?"

ಅವನಿಗೆ ಉಣ್ಣಲು ಬಿಟ್ಟಳು.

ನಮ್ಮ ಅಡುಗೆಮನೆಗೂ ಪಡಸಾಲೆಗೂ ನಡುವಿನ ಬಾಗಿಲ ಚೌಕಟ್ಟಿಗೆ ಒಂದು ಮೊಳೆ ಇದೆ. ಅದಕ್ಕೆ ಯಾರೂ ಏನೂ ಹಾಕುವುದಿಲ್ಲ. ಮರುದಿನ ಪಾತ್ರೆ ತೊಳೆಯುತ್ತ ಮಾಯಾ ಕೇಳಿದಳು.

"ಅಕ್ಕಾ, ಈ ಮೊಳಿ ಖಾಲಿ ಯಾಕೈತಿ? ಎಲ್ಲಾ ಮೊಳೀಗೂ ಏನರ ಐತಿ. ಕ್ಯಾಲೆಂಡರ್, ಚೀಲಾ, ಮಾವಾರ ಜೋಳಿಗಿ."

ನಾನು ಹೇಳಬಾರದಿತ್ತು.

"ನಮ್ಮವರು ರವಿವಾರ ಧಾಬಾಕ್ಕ ಹೊಂಟ್ರ ಲಿಂಗಾ ತಗದು ಅಲ್ಲಿ ಹಾಕಿ ಹೋಗತಿದ್ರು."

"ಧಾಬಾಕ್ಕ?"

"ಮಟನ್ ತಿನ್ನಾಕ."

ಅವಳು ಬೂದಿ ಮೆತ್ತಿದ ಕೈ ಬಾಯಿಗಿಟ್ಟುಕೊಂಡಳು. "ಮತ್ತ ಮೈ ಬಿಟ್ಟು ಹೋಗಬಾರದು ಅಂತ?"

"ಹಂಗ ಅಂತಾರ. ಇವರು ಏನಂತಿದ್ರು ಗೊತ್ತೇನು? ತಿನ್ನೂದ ನಾ ತಿಂತೀನಿ, ಅದಕ್ಯಾಕ ಮೈಲಿಗಿ, ಅದು ಮನ್ಯಾಗ ಆರಾಮ ಇರಲಿ."

ನಾನು ನಕ್ಕೆ. ಅವಳೂ ನಕ್ಕಳು. ಗೌರೀಶ ಸತ್ತ ಮೇಲೆ ಅವನ ಬಗ್ಗೆ ನಗುತ್ತ ನಾನು ಯಾರಿಗಾದರೂ ಹೇಳಿದ್ದು ಅದೊಂದೇ ಮಾತು.

ಏಳನೇ ತಿಂಗಳಲ್ಲಿ, ದೀಪಾವಳಿ ಕಳೆದ ಮೇಲೆ, ಕುಬಸ ಇಟ್ಟುಕೊಂಡರು. ಹಸಿರು ಸೀರೆ, ಹಸಿರು ಬಳೆ ಬಂದವು. ಓಣಿಯ ಹೆಂಗಸರಿಗೆ ಹೇಳಿಯಾಯಿತು. ಹಿಂದಿನ ದಿನ ಅತ್ತೆ ನನಗೆ ಹೇಳಿದರು: "ನೇತ್ರಾ, ನಾಳೆ ನೀ ಅಡಗಿಮನ್ಯಾಗ ನೋಡ್ಕೊ. ಹೊರಗ ನಾವ ನೋಡ್ಕೊಂತೇವಿ."

"ಅಕ್ಕ ನನಗ ಆರತಿ ಮಾಡೂದಿಲ್ಲೇನು?" ಎಂದಳು ಮಾಯಾ.

"ಅಕೀ ಮಾಡಬಾರದವಾ."

"ಯಾಕ? ಮಾವಾರು ಶ್ರಾವಣದಾಗ ಪುರಾಣ ಹೇಳುವಾಗ ಅಂದಿದ್ರಲ್ಲ, ಬಸವಣ್ಣನವರು ಮೈಲಿಗಿ ಗೀಲಿಗಿ ಏನೂ ಇಲ್ಲ ಅಂದಾರ ಅಂತ."

ಮಾವ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು.

ಕುಬಸದ ದಿನ ಬೆಳಗಿನ ರೈಲಿಗೆ ಮಾಯಾಳ ತಾಯಿ ಲೋಂಡಾದಿಂದ ಬಂದಳು. ಗಿಡ್ಡ ಹೆಂಗಸು, ಕಾಲಿಗೆ ಕ್ಯಾನ್ವಾಸ್ ಬೂಟು. ಬಸುರಿಗೆ ತವರಿನ ಬುತ್ತಿ ಬರಬೇಕೆಂದು ಮಗಳು ಹೇಳಿಕೊಟ್ಟಿದ್ದಳು. ಒಂದು ಬುಟ್ಟಿಯ ತುಂಬ ಬಳೆಯಂತೆ ಕರಿದ ಅಕ್ಕಿ ರೊಟ್ಟಿ ತಂದಿದ್ದಳು. ಜೊತೆಗೆ ಸ್ಟೀಲಿನ ಡಬ್ಬಿಯಲ್ಲಿ ಗುಂದ್ರುಕ್ಕಿನ ಸಾರು, ಅನ್ನ. ಅತ್ತೆ ಅಕ್ಕಿ ರೊಟ್ಟಿಯನ್ನು ಪಡಸಾಲೆಯಲ್ಲಿ ನಮ್ಮ ಹೋಳಿಗೆಯ ಪಕ್ಕ ಇಟ್ಟರು. ಡಬ್ಬಿಯನ್ನು ಅಡುಗೆಮನೆಯ ಮೂಲೆಗೆ ನೂಕಿದರು.

ಪಡಸಾಲೆಯಲ್ಲಿ ಹಾಡು, ಆರತಿ ನಡೆದವು. ಎದುರುಮನೆಯ ಭೀಮಕ್ಕ, ಅವಳ ಸೊಸೆ ಪ್ರಮಿಳಾ, ಇನ್ನೂ ಹತ್ತು ಹನ್ನೆರಡು ಮಂದಿ. ನಾನು ಒಳಗೆ ಅನ್ನ ಬಸಿಯುತ್ತಿದ್ದೆ. ಉಡಿ ತುಂಬಿದ್ದು ಮುಗಿದ ಮೇಲೆ ಮಾಯಾ ಹಸಿರು ಸೀರೆಯ ನಿರಿಗೆ ಎತ್ತಿ ಹಿಡಿದು ಒಳಗೆ ಬಂದಳು.

"ಅಕ್ಕಾ, ಡಬ್ಬಿ ಎಲ್ಲೈತಿ? ಹೊಟ್ಟಿ ಭಾಳ ಹಸದೈತಿ."

ತೋರಿಸಿದೆ. ಅವಳ ತಾಯಿ ತಟ್ಟೆಗೆ ಬಡಿಸಿದಳು. ಮಾಯಾ ಕೂರುವ ಮೊದಲು ಎರಡೂ ಕೈ ಎತ್ತಿ, ಕೊರಳಿನ ಶಿವದಾರ ತೆಗೆದಳು. ಲಿಂಗವನ್ನು ಕಣ್ಣಿಗೊತ್ತಿಕೊಂಡಳು. ಬಾಗಿಲಿಗೆ ಹೋಗಿ ಆ ಮೊಳೆಗೆ ಜೋಪಾನವಾಗಿ ಹಾಕಿದಳು. ಬಂದು ಚಕ್ಕಳಮಕ್ಕಳ ಕೂತು ಉಣ್ಣತೊಡಗಿದಳು.

ಬಾಗಿಲು ಪಡಸಾಲೆಗೆ ಎದುರಾಗಿ ಇದೆ. ಹಾಡು ನಿಂತಿತು.

"ಅಯ್ಯ ಶಿವನ! ಲಿಂಗಾ ಮೊಳೀಗೆ ಹಾಕ್ಯಾಳಲ್ಲಾ!" ಎಂದಳು ಭೀಮಕ್ಕ. "ಶಿವಲಿಂಗವ್ವಾ, ಏನಬೇ ಇದು ನಿಮ್ಮ ಮನ್ಯಾಗ?"

ಅತ್ತೆ ಎದ್ದು ಬಂದರು. ಮೊಳೆಯನ್ನು ನೋಡಿದರು, ತಟ್ಟೆಯನ್ನು ನೋಡಿದರು.

"ಯಾರ ಕಲಿಸ್ಯಾರ ನಿನಗ ಇದನ್ನ?"

"ನೀವೇ ಅಂದ್ರಿ ಅತ್ತಿ, ಲಿಂಗಾ ಕಟ್ಟಕೊಂಡು ಇದನ್ನ ತಿನ್ನಬಾರದು ಅಂತ."

"ತಗದು ಮೊಳೀಗೆ ಹಾಕು ಅಂತ ಯಾರ ಹೇಳಿದ್ರು?"

"ಈ ಮನ್ಯಾಗ ಹಂಗೇ…" ಮಾಯಾ ನನ್ನ ಕಡೆ ತಿರುಗಿದಳು. ಅವಳಿಗೆ ಹೆದರಿಕೆಯಿರಲಿಲ್ಲ. ನಾನಿದ್ದೆನಲ್ಲ. "ಅಕ್ಕಾ, ನೀ ಹೇಳು."

ಅತ್ತೆಯೂ ನನ್ನನ್ನು ನೋಡಿದರು.

ಆ ನೋಟ ನನಗೆ ಹೊಸದಲ್ಲ. ಗೌರೀಶ ಸತ್ತದ್ದು ರವಿವಾರ. ಧಾಬಾಕ್ಕೆ ಹೊರಟವನು, ಮಾವ ಮನೆಯಲ್ಲಿಲ್ಲದ ರವಿವಾರವಷ್ಟೇ ಹೋಗುತ್ತಿದ್ದ. ಮಾವ ಅವತ್ತು ಖಾನಾಪುರದಲ್ಲಿ ಯಾರದೋ ಮನೆಯೊಕ್ಕಲಿಗೆ ಹೋಗಿದ್ದರು. ಮೂರು ಗಂಟೆಗೆ ಹೆಣ ತಂದು ಪಡಸಾಲೆಯಲ್ಲಿ ಮಲಗಿಸಿದರು. ಅಂಬ್ಯುಲೆನ್ಸಿನವರು ಹೊರಗೆ ಹೋದದ್ದೇ ತಡ, ಅತ್ತೆ ಅಳುವುದನ್ನು ನಿಲ್ಲಿಸಿ, ಎದ್ದು, ಮೊಳೆಯಿಂದ ಲಿಂಗ ತೆಗೆದು ಮಗನ ಕೊರಳಿಗೆ ಹಾಕಿದರು. ಅಂಗಿಯ ಒಳಗೆ ಸೇರಿಸಿದರು. ಆಮೇಲೆ ನನ್ನ ಮುಖ ನೋಡಿದರು. ಆಮೇಲೆ ಮತ್ತೆ ಅಳತೊಡಗಿದರು. ಜಂಗಮರ ಮಗ ಮೈಮೇಲೆ ಲಿಂಗವಿಲ್ಲದೆ ಸತ್ತ ಎಂಬುದು ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಮಾವನಿಗೂ ಗೊತ್ತಿಲ್ಲ. ಅವರೇ ಕೂತು ಕ್ರಿಯೆ ಮಾಡಿದರು. ಅದೇ ಲಿಂಗವನ್ನು ಮಗನ ಅಂಗೈಯಲ್ಲಿಟ್ಟು ಸಮಾಧಿ ಮಾಡಿದರು.

"ನನಗೇನೂ ಗೊತ್ತಿಲ್ಲ," ಎಂದೆ.

ಮಾಯಾ ಇನ್ನೂ ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ತಟ್ಟೆಗೆ ತಿರುಗಿ ಉಣ್ಣುವುದನ್ನು ಮುಂದುವರಿಸಿದಳು. ಒಂದು ಅಗುಳು ಬಿಡದೆ ಉಂಡಳು. ತಟ್ಟೆ ತೊಳೆದು ಡಬ್ಬು ಹಾಕಿದಳು. ಅಷ್ಟರೊಳಗೆ ಅತ್ತೆ ಮೊಳೆಯಿಂದ ಲಿಂಗ ತೆಗೆದು ದೇವರ ಜಗಲಿಯ ಮೇಲಿಟ್ಟಿದ್ದರು.

ಹೆಂಗಸರು ಹೋಳಿಗೆ ಉಂಡೇ ಹೋದರು. ಹೋದ ಮೇಲೆ ಮಾವ, "ಮತ್ತೊಮ್ಮೆ ದೀಕ್ಷಾ ಕೊಟ್ಟರಾತು. ತಿಳೀದ ಮಾಡ್ಯಾಳ," ಎಂದರು.

"ಭೀಮಕ್ಕನ ಮೊಮ್ಮಗಗ ಲಿಂಗಾ ಕಟ್ಟೂದೈತಿ ಮುಂದಿನ ತಿಂಗಳ. ನಿಮ್ಮನ್ನ ಕರೀಬೇಕೋ ಬ್ಯಾಡೋ?" ಎಂದರು ಅತ್ತೆ.

ಚೇತನ ಗಾಡಿಯ ಚಾವಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದ. "ಹೋಗಿ ಬಾ," ಎಂದ ಹೆಂಡತಿಗೆ. "ಹೆಂಗೂ ಹೋಗೂದಿತ್ತಲ್ಲ."

ಕುಬಸವಾದ ಮೇಲೆ ಬಸುರಿ ತವರಿಗೆ ಹೋಗುವುದು ಪದ್ಧತಿ. ಆದ್ದರಿಂದ ಓಣಿಯಲ್ಲಿ ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಮಾಯಾ ಹಸಿರು ಸೀರೆಯಲ್ಲೇ, ತಾಯಿಯ ಹಿಂದೆ, ಮಧ್ಯಾಹ್ನದ ರೈಲಿಗೆ ಹೋದಳು. ಸಾಕ್ಷಿ ಓಣಿಯ ತುದಿಯವರೆಗೆ ಅವಳ ಕೈ ಹಿಡಿದುಕೊಂಡು ಹೋಗಿ ಬಂದಳು. ನಾನು ಹೋಗಲಿಲ್ಲ. ಬಂದವರ ಎಲೆ ಎತ್ತುವುದಿತ್ತು.

ಸಂಜೆ ಅತ್ತೆ ಆ ಮೊಳೆಗೆ ಕ್ಯಾಲೆಂಡರ್ ತೂಗುಹಾಕಿದರು.

"ಕಾಕು ಯಾವಾಗ ಬರತಾಳ?" ಎಂದು ಸಾಕ್ಷಿ ದಿನಾ ಕೇಳುತ್ತಿದ್ದಳು.

"ಹಡದು ಬರತಾಳ," ಎನ್ನುತ್ತಿದ್ದರು ಅತ್ತೆ.

ಹದಿನೈದು ದಿನದ ಮೇಲೆ ಚೇತನ ಒಮ್ಮೆ ಕೇಳಿದ. "ಅವ್ವಾ, ಏನ ಮಾಡೂದು ಮತ್ತ?"

"ಹಡೀಲಿ, ನೋಡೂಣು."

"ಏನ ನೋಡೂದು?"

"ಪಲ್ಯೆ ಹಾಕಲೇನು ಇನ್ನೊಂದಿಟು?"

ಹಾಕಿಸಿಕೊಂಡ.

ಭೀಮಕ್ಕನ ಮೊಮ್ಮಗನಿಗೆ ಲಿಂಗ ಕಟ್ಟಲು ವಡಗಾಂವಿಯಿಂದ ಬೇರೆ ಅಯ್ಯನವರು ಬಂದರು. ನಮ್ಮ ಬಾಗಿಲ ಮುಂದೆಯೇ ಹಾದು ಹೋದರು. ಮಾವ ಬೆಳಗ್ಗೆಯೇ ಜಳಕ ಮಾಡಿ ವಿಭೂತಿ ಧರಿಸಿ ಕಟ್ಟೆಯ ಮೇಲೆ ಕೂತಿದ್ದರು. ಎದ್ದು ಒಳಗೆ ಬಂದು ಜೋಳಿಗೆಯನ್ನು ಅದರ ಮೊಳೆಗೆ ಹಾಕಿದರು. ಆಮೇಲೆ ಅದನ್ನು ತೆಗೆಯುವ ಸಂದರ್ಭ ಕಡಿಮೆಯಾಗುತ್ತ ಹೋಯಿತು. ಅತ್ತೆ ಅದಕ್ಕೂ ಮಾಯಾಳನ್ನೇ ಬೈದರು.

ಸಂಕ್ರಮಣ ಮುಗಿದು ಹತ್ತು ದಿನಕ್ಕೆ ಚೇತನ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. ಅತ್ತೆ ಗಿರಣಿಗೆ ಹೋಗಿದ್ದರು.

"ವೈನಿ, ಹೆಣ್ಣ ಹುಟ್ಟೇತಿ."

"ಲೋಂಡಾದಾಗೇನು?"

"ಇಲ್ಲೇ. ದವಾಖಾನ್ಯಾಗ. ಅಕೀ ಲೋಂಡಾದಾಗ ಎಂಟ ದಿನಾನೂ ಇರಲಿಲ್ಲ. ಹೊಳ್ಳಿ ಹಾಸ್ಟೆಲ್ಲಿಗೆ ಬಂದಾಳ. ಮೆಸ್ಸಿನ ಹಿಂದ ಒಂದ ಖೋಲಿ ಕೊಟ್ಟಾರ."

"ನೀ ನೋಡಿದ್ಯಾ?"

"ದಿನಾ ನೋಡತೀನಿ. ಮಾಲ ಇಳಸಾಕ ಹೋಗತೀನಲ್ಲ."

"ಮಾತಾಡತೀಯೇನು?"

ಅವನು ಹೊರಗೆ ನೋಡಿದ. "ಮೂಲಂಗಿ ಸೊಪ್ಪ ಇಟ್ಟ ಬರತೀನಿ," ಎಂದ.

ಕೂಸಿಗೆ ಎರಡು ತಿಂಗಳಾಗುತ್ತ ಬಂದಾಗ ಮಾವ ನನ್ನನ್ನು ಕರೆದರು. ಕೈಯಲ್ಲಿ ಬಟ್ಟೆಯ ಎರಡು ಗಂಟು. ಒಂದು ದೊಡ್ಡದು, ಒಂದು ಸಣ್ಣದು.

"ಇದು ಅಕೀದು. ಇದು ಕೂಸಿಂದು. ನೀ ಕಾಲೇಜಿಂದ ಬರುವಾಗ… ನಿಮ್ಮ ಅತ್ತೀಗೆ ಹೇಳಬ್ಯಾಡ."

"ನೀವೇ ಬರ್ರಿ ಮಾವಾರ. ಬಸ್ಸಿನ್ಯಾಗ ಹತ್ತ ಮಿನಿಟ ಐತಿ."

"ಮಂಡಿ ನೋಯತಾವ," ಎಂದರು.

ಖಾನಾಪುರದಿಂದ ಬರುವಾಗ ಟಿಳಕವಾಡಿಯಲ್ಲಿ ಇಳಿದೆ. ಮೆಸ್ಸಿನ ಹಿಂದಿನ ಖೋಲಿ ಮೊದಲು ಗ್ಯಾಸ್ ಸಿಲಿಂಡರ್ ಇಡುತ್ತಿದ್ದ ಜಾಗ. ನೆಲದ ಮೇಲೆ ಅವುಗಳ ದುಂಡನೆಯ ತುಕ್ಕಿನ ಗುರುತು ಇನ್ನೂ ಇದ್ದವು. ಕೂಸು ಸೀರೆಯ ಜೋಳಿಗೆಯಲ್ಲಿ ಮಲಗಿತ್ತು. ಅದೇ ಹಸಿರು ಸೀರೆ. ಕಿಟಕಿಯಲ್ಲಿ ಭರಣಿ, ಮೊರದಲ್ಲಿ ಒಣಗಿದ ಸೊಪ್ಪು. ಮಾಯಾ ಮೆಸ್ಸಿನ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಮೊಣಕಾಲೆತ್ತರ ರೊಟ್ಟಿ ಒಟ್ಟಿದ್ದಳು.

"ಬಾ ಅಕ್ಕಾ," ಎಂದಳು. ಕೈ ನಿಲ್ಲಿಸಲಿಲ್ಲ. "ನೋಡು. ಈಗ ಅಂಚು ಸೀಳೂದಿಲ್ಲ."

ರೊಟ್ಟಿ ದುಂಡಗೆ, ತೆಳ್ಳಗೆ ಇತ್ತು. ಅತ್ತೆಯದಕ್ಕಿಂತ ತೆಳ್ಳಗೆ.

ಗಂಟು ಬಿಚ್ಚಿ ಮುಂದಿಟ್ಟೆ. ಮಾವನ ಮಾತು ಹೇಳಿದೆ. ಅವಳು ಹಂಚಿನ ಮೇಲಿನ ರೊಟ್ಟಿ ಮಗುಚಿ, ಕೈ ಒರೆಸಿಕೊಂಡು, ಸಣ್ಣ ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು.

"ಕೂಸಿಂದು ಅವರೇ ಬಂದು ಕಟ್ಟಲಿ. ಓಣಿ ತುಂಬ ಕಟ್ಟತಿದ್ರಲ್ಲ."

"ಮತ್ತ ನಿಂದು?"

"ಎಲ್ಲಿತ್ತೋ ಅಲ್ಲೇ ಹಾಕು."

ಆಮೇಲೆ ತಟ್ಟೆ ಇಟ್ಟು ಅನ್ನ, ಸಾರು ಬಡಿಸಿದಳು. ಗುಂದ್ರುಕ್. ನಾನು ಕೊರಳಲ್ಲಿ ಲಿಂಗ ಇಟ್ಟುಕೊಂಡೇ ಉಂಡೆ. ಹುಳಿಯಾಗಿತ್ತು. ನಮ್ಮ ಪುಂಡಿಪಲ್ಯೆಯ ಅಕ್ಕನೋ ತಂಗಿಯೋ ಅನ್ನುವ ಹಾಗೆ. ಮೀನಿನ ವಾಸನೆ ಎಲ್ಲಿಂದ ಬಂತೋ ನನಗೆ ತಿಳಿಯಲಿಲ್ಲ.

"ಅವತ್ತ ನಾ ಹೇಳಬೇಕಿತ್ತು," ಎಂದೆ.

"ಹೂಂ."

"ಸಿಟ್ಟ ಐತೇನು?"

ಅವಳು ಹಿಟ್ಟಿನ ಉಂಡೆ ಮಾಡಿದಳು. "ಲೋಂಡಾದಿಂದ ಬರುವಾಗ ಈ ಊರಾಗ ನನಗ ಯಾರೂ ಇರಲಿಲ್ಲ ಅಕ್ಕಾ. ಅದು ಸರಳ ಇತ್ತು. ನಿಮ್ಮ ಮನಿಗೆ ಬಂದ ಮ್ಯಾಲೆ ಒಬ್ಬಾಕಿ ಅದಾಳ ಅಂತ ತಿಳದಿದ್ದೆ." ಉಂಡೆಯನ್ನು ಒತ್ತಿದಳು. "ಈಗ ಮತ್ತ ಸರಳ ಆಗೇತಿ. ಸಾರು ಹಾಕಲಿ?"

ನಾನು ಬೇಡ ಎನ್ನಲಿಲ್ಲ. ಕೂಸು ಎದ್ದಿತು. ಎತ್ತಿಕೊಳ್ಳಲು ಕೈ ಚಾಚಿದೆ. ಅವಳು ನನಗಿಂತ ಮೊದಲು ಎತ್ತಿಕೊಂಡಳು.

ಮನೆಗೆ ಬಂದಾಗ ಮೂವರೂ ಊಟಕ್ಕೆ ಕೂತಿದ್ದರು. ಸಾಕ್ಷಿ ಮಾವನ ತೊಡೆಯ ಮೇಲಿದ್ದಳು. ನಾನು ಸಣ್ಣ ಗಂಟನ್ನು ಮಾವನ ತಟ್ಟೆಯ ಪಕ್ಕದಲ್ಲಿಟ್ಟೆ. "ನೀವೇ ಬಂದ ಕಟ್ಟಬೇಕಂತ," ಎಂದೆ. ಬಾಗಿಲಿಗೆ ಹೋಗಿ ಕ್ಯಾಲೆಂಡರ್ ತೆಗೆದೆ. ಮೊಳೆಗೆ ಮಾಯಾಳ ಲಿಂಗವನ್ನು ಹಾಕಿದೆ.

ಚೇತನ ಅಗಿಯುವುದನ್ನು ನಿಲ್ಲಿಸಿದ.

"ಏನದು?" ಎಂದರು ಅತ್ತೆ. "ಎಲ್ಲಿಗೆ ಹೋಗಿದ್ದಿ ನೀ? ತಗಿ ಅದನ್ನ. ಯಾರರ ಬಂದ್ರ?"

"ನೀವೇ ತಗೀರಿ ಅತ್ತಿ. ನಿಮಗ ರೂಢಿ ಐತಿ."

ಅತ್ತೆಯ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

"ಏನ ರೂಢಿ?" ಎಂದು ಮಾವ ಕೇಳಿದರು. ಅವರು ಸಾಕ್ಷಿಯನ್ನು ತೊಡೆಯಿಂದ ಇಳಿಸಿದರು. "ನೇತ್ರಾ, ಏನ ರೂಢಿ?"

ಅತ್ತೆ ನನ್ನ ಮುಖ ನೋಡಿದರು. ಮೂರನೆಯ ಸಲ.

ನಾನು ಸಾಕ್ಷಿಯನ್ನು ಹೊರಗೆ ಆಡಲು ಕಳಿಸಿ, ಬಾಗಿಲು ಮುಂದೆ ಮಾಡಿ ಬಂದು ಕೂತೆ. ಆ ರವಿವಾರದ ಬೆಳಗಿನಿಂದ ಶುರು ಮಾಡಿದೆ.